ವನದುರ್ಗದ ಗುಡ್ಡದಲ್ಲಿ ಒಂದು ಬಿಳಿ ಹೂವಿಗಾಗಿ

ಶ್ರಾವಣದ ನಸುಕು. ವನದುರ್ಗದ ಹಿಂದಿನ ಗುಡ್ಡದ ಇಳಿಜಾರಿನಲ್ಲಿ ಗೊಲ್ಲಾಳಮ್ಮ ಮೊಣಕಾಲೂರಿ ಕುಳಿತಿದ್ದಾರೆ. ಎರಡು ಬೆರಳಗಲದ ಹಸಿರೆಲೆಯೊಂದರ ಸುತ್ತ ಜಾಲಿಮುಳ್ಳು ಊರುತ್ತಾ, ‘ಆಡು ಬಂದ್ರ ಮುಗೀತ್ರಿ. ಅವಕ್ಕೇನು ಗೊತ್ತು, ಇದು ನನ್ನ ಮೂರು ವರ್ಷ ಅಂತ?’ ಎನ್ನುತ್ತಾರೆ.

ಐವತ್ತಾರರ ಇವರು ಗುಡ್ಡದ ಗಡ್ಡೆ ಅಗೆದು ಶಹಾಪುರದ ಸಂತೆಯಲ್ಲಿ ಮಾರುವವರು. ಈ ಗಿಡದ ಶಾಸ್ತ್ರೀಯ ಹೆಸರನ್ನು ಬಲ್ಲವರಿಬ್ಬರಲ್ಲಿ ಕೇಳಿದೆ, ಎರಡು ಉತ್ತರ ಬಂತು. ಹಾಗಾಗಿ ಗೊಲ್ಲಾಳಮ್ಮ ಕರೆಯುವಂತೆ ‘ಗುಡ್ಡದ ಗಡ್ಡಿ’ ಎಂದೇ ಬರೆಯುತ್ತಿದ್ದೇನೆ. ಬೇರನ್ನು ಹಸಿಯಾಗಿ ಅಗಿಯಬಹುದು. ಗಡ್ಡೆಯನ್ನು ಎರಡು ಸಲ ನೀರು ಬದಲಿಸಿ ಬೇಯಿಸಿ, ಉಪ್ಪು ಖಾರ ಹಚ್ಚಿ ತಿನ್ನಬೇಕು.

ಕಾರ್ತಿಕದಲ್ಲಿ ಎಲೆ ಹಳದಿಯಾದ ಮೇಲೆ ಅಗೆತ. ಅದಕ್ಕೆ ಇಬ್ಬರು ಬೇಕು. ಒಬ್ಬರು ಅಗೆಯುತ್ತ ಮುಂದೆ ಹೋದರೆ, ಹಿಂದಿನವರು ಮತ್ತೆ ಚಿಗುರಲೆಂದು ಮರಿಗಡ್ಡೆಯನ್ನು ಅದೇ ಕುಣಿಯಲ್ಲಿಟ್ಟು ಹಿಮ್ಮಡಿಯಿಂದ ಮಣ್ಣು ತುಳಿಯುತ್ತಾರೆ. ಇಪ್ಪತ್ತೆರಡು ವರ್ಷ ಗೊಲ್ಲಾಳಮ್ಮ ಅಗೆದರು, ಪಕ್ಕದ ಮನೆಯ ಮಸ್ತಾನಬಿ ಮುಚ್ಚಿದರು.

ನಾಲ್ಕು ವರ್ಷದ ಹಿಂದೆ ಮಸ್ತಾನಬಿ ಜ್ವರದಿಂದ ಮಲಗಿದ್ದಾಗ ಗೊಲ್ಲಾಳಮ್ಮ ಒಬ್ಬರೇ ಹತ್ತಿ ಈ ಇಳಿಜಾರಿನ ನಲವತ್ತು ಗಿಡ ಅಗೆದರು. ಒಂದು ಕುಣಿಯನ್ನೂ ಮುಚ್ಚಲಿಲ್ಲ. ‘ಹಿಂದ ಆಕಿ ಬರಾಕತ್ತಾಳ ಅನ್ನೂ ರೂಢಿರಿ. ಹೊಳ್ಳಿ ನೋಡಲೇ ಇಲ್ಲ.’ ಬೆಳಗಾಗುವುದರೊಳಗೆ ಮರಿಗಡ್ಡೆಗಳೆಲ್ಲ ಹಂದಿಯ ಪಾಲಾಗಿದ್ದವು.

ಜ್ವರ ಬಿಟ್ಟ ಮೇಲೆ ಹತ್ತಿ ಬಂದ ಮಸ್ತಾನಬಿ ತೆರೆದ ಕುಣಿಗಳನ್ನು ನೋಡಿ, ‘ಇಲ್ಲಿ ಮತ್ತ ಬಿಳಿ ಹೂ ಬಿಟ್ಟಾಗ ಕರಿ, ಬರ್ತೀನಿ’ ಎಂದು ಇಳಿದವರು ಮತ್ತೆ ಹತ್ತಿಲ್ಲ. ನಳದ ಬಳಿ ಸಿಕ್ಕರೆ ಕುಟುಕುತ್ತಾರೆ: ‘ಏನವಾ, ನಿನ್ನ ಗುಡ್ಡ ಬೋಳೇ ಅದ ಏನು?’ ‘ನಿನ್ನ ತಲಿಗಿಂತ ಚಲೋ ಅದ ಅಕ್ಕ!’ ಇಬ್ಬರೂ ನಗುತ್ತಾರೆ. ಕೊಡ ತುಂಬಿದ ಮೇಲೆ ಮಾತಿಲ್ಲ.

ಈಗ ಆಚೆಯ ಗುಡ್ಡದಲ್ಲಿ ಗೊಲ್ಲಾಳಮ್ಮನೇ ಅಗೆದು, ತಾವೇ ಮುಚ್ಚುತ್ತಾರೆ. ಅಲ್ಲಿಂದ ವರ್ಷಕ್ಕೆ ಮೂವತ್ತು ಮರಿಗಡ್ಡೆ ತಂದು ಇಲ್ಲಿ ಊರುತ್ತಾರೆ. ಮೂರು ವರ್ಷದ ತೊಂಬತ್ತರಲ್ಲಿ ಎದ್ದಿರುವುದು ಹನ್ನೊಂದು. ದಿನವೂ ಐದಕ್ಕೆ ಗುಡ್ಡವೇರಿ ಮುಳ್ಳು ಸರಿಮಾಡಿ, ಎಂಟಕ್ಕೆ ಹತ್ತಿಯ ಹೊಲದಲ್ಲಿ ಕಳೆ ಕೀಳಲು ಹೋಗುತ್ತಾರೆ.

ಹನ್ನೊಂದು ಎದ್ದಿವೆಯಲ್ಲ, ಮಸ್ತಾನಬಿಗೆ ಹೇಳಬಾರದೇ ಎಂದು ಕೇಳುತ್ತೇನೆ.

‘ಎಲಿ ಬಂದ್ರ ಕರಿ ಅಂದಿಲ್ರಿ ಆಕಿ. ಹೂ ಬರಲಿ.’

ನಾಲ್ಕು ಹೆಜ್ಜೆ ಇಳಿದವರು ನಿಂತು, ಹೊಳ್ಳಿ ಇಳಿಜಾರನ್ನು ನೋಡುತ್ತಾರೆ. ‘ಆಗ ಆಕಿ ಮುಂದ ಅಗಕೋತ ಹೋಗ್ಲಿ. ನಾ ಹಿಂದ ಮುಚ್ಚಕೋತ ಬರ್ತೀನಿ.’