ತಲೂನಾ ದೇಶದ ಮೊದಲ ಪುಟ

ಹೊಸ ಜೆರಾಕ್ಸ್ ಕಾಗದದ ವಾಸನೆ ನನಗೆ ಈಗಲೂ ಆಗುವುದಿಲ್ಲ. ಕಳೆದ ತಿಂಗಳು ಗೋಪನಕೊಪ್ಪದ ನಮ್ಮ ಮನೆಗೆ ಚಿಕ್ಕಪ್ಪನ ಮಗಳು ಧಾರವಾಡದಿಂದ ಒಂದು ಕಟ್ಟು ನೋಟ್ಸ್ ತಂದಳು. ಹಾಳೆ ತಿರುವಿದೆ. ಅಕ್ಷರ ನನ್ನದು. ‘ತಲೂನಾ: ದೇಶ ಪರಿಚಯ.’

“ಅಕ್ಕಾ, ಇದು ಯಾವ ಖಂಡದಾಗ ಬರ್ತದ? ನಕಾಶದಾಗ ಸಿಗವಲ್ದು.”

“ಅಂಥಾ ದೇಶಾನ ಇಲ್ಲ.”

“ಇಲ್ಲಂದ್ರ ಹೆಂಗ? ಜನಸಂಖ್ಯಾ ಸುದ್ದಾ ಕೊಟ್ಟಾರಲ್ಲ!”

ಆ ಜನಸಂಖ್ಯೆ ಕೊಟ್ಟವರು ನಮ್ಮ ಭೂಗೋಳದ ಸರ್. ಎಂ.ಎ. ಮುಗಿಸಿ ನಾನು ಧಾರವಾಡದ ಸ್ಪರ್ಧಾತ್ಮಕ ಪರೀಕ್ಷೆಗಳ ಕೋಚಿಂಗ್ ಸೆಂಟರೊಂದಕ್ಕೆ ಸೇರಿದಾಗ ಅವರಿಗೆ ಅರವತ್ತರ ಹತ್ತಿರ. ಪ್ರತಿ ಬ್ಯಾಚಿಗೂ ಒಂದು ವಾರ ತಲೂನಾ ಕಲಿಸುತ್ತಿದ್ದರು. ಎರಡು ನದಿ, ಸಮುದ್ರವಿಲ್ಲ, ರಫ್ತು ಉಣ್ಣೆ, ಆಮದು ಉಪ್ಪು.

“ಇರೋ ದೇಶ ಕೇಳಿದ್ರ ಬಾಯಿಪಾಠ ಒಪ್ಪಸ್ತೀರಿ. ಇಲ್ಲಿ ವಿಚಾರ ಮಾಡ್ರಿ. ಬಾಜೂ ದೇಶದಾಂವ ಗೇಟ್ ಹಾಕಿದ್ರ ಉಪ್ಪು ಎಲ್ಲಿಂದ ತರ್ತೀರಿ? ಹೇಳವಾ, ನೀನs ಪ್ರಧಾನಮಂತ್ರಿ ಇವತ್ತ!”

ಎಂದೂ ಬಾಯಿಬಿಡದ ನಾನು ಆ ವಾರ ಉತ್ತರ ಹೇಳುತ್ತಿದ್ದೆ...

ಅವರು ಕೊಟ್ಟ ಹಾಳೆಗಳನ್ನು ನಾನು ನೀಟಾಗಿ ಬರೆದಿಟ್ಟುಕೊಂಡೆ. ಮೊದಲ ಪುಟ ಮಾತ್ರ ಬರೆದುಕೊಳ್ಳಲಿಲ್ಲ. ಅದರಲ್ಲಿದ್ದದ್ದು ಇಷ್ಟೇ: ಇದು ಅಭ್ಯಾಸಕ್ಕಾಗಿ ಕಟ್ಟಿದ ದೇಶ, ಎಲ್ಲಿಯೂ ಇಲ್ಲ. ಪರೀಕ್ಷೆಗೆ ಬರುವ ಪಾಯಿಂಟ್ ಒಂದೂ ಇಲ್ಲದ ಪುಟವನ್ನು ನಾವ್ಯಾರೂ ಬರೆದುಕೊಳ್ಳುತ್ತಿರಲಿಲ್ಲ. ಹಾಸ್ಟೆಲಿನ ಹುಡುಗಿಯರು ನನ್ನ ನೋಟ್ಸ್ ಒಯ್ದರು. ಜೆರಾಕ್ಸ್ ಅಂಗಡಿಯವರು ತಮಗೂ ಒಂದು ಪ್ರತಿ ತೆಗೆದಿಟ್ಟುಕೊಂಡು ಕೇಳಿದವರಿಗೆಲ್ಲ ಮಾರತೊಡಗಿದರು.

ಮರುವರ್ಷ ನಾನು ಅದೇ ಸೆಂಟರಿನಲ್ಲಿ ಉತ್ತರಪತ್ರಿಕೆ ತಿದ್ದುವ ಕೆಲಸದಲ್ಲಿದ್ದೆ. ಸರ್ ಪಾಠಕ್ಕೆ ಕೂಡದೆ ಬರೀ ನೋಟ್ಸ್ ಓದಿದ ಒಬ್ಬ ವಿದ್ಯಾರ್ಥಿ ಮುಖ್ಯ ಪರೀಕ್ಷೆಯ ಪ್ರಬಂಧದಲ್ಲಿ ತಲೂನಾದ ಉದಾಹರಣೆ ಬರೆದು ಬಂದ. ಅವನ ತಂದೆ ಆ ನೋಟ್ಸ್ ಹಿಡಿದು ಆಫೀಸಿಗೆ ಬಂದರು. ಸರ್, ಮ್ಯಾನೇಜರು, ಮೂಲೆಯ ಮೇಜಿನಲ್ಲಿ ನಾನು, ಎಲ್ಲ ಅಲ್ಲೇ ಇದ್ದೆವು.

“ಇಲ್ಲದ ದೇಶ ಕಲಸಾಕ ನಿಮಗ ಪಗಾರ ಕೊಡ್ತಾರೇನ್ರಿ?”

“ಮೊದಲನೇ ಪುಟದಾಗ ಬರದೇನಲ್ರಿ,” ಎಂದು ಸರ್ ಕಟ್ಟನ್ನು ಕೈಗೆ ತೆಗೆದುಕೊಂಡರು. ಪುಟ ಇರಲಿಲ್ಲ. ಅವರು ಅಕ್ಷರ ನೋಡಿದರು. ಇಡೀ ವರ್ಷ ನನ್ನ ಉತ್ತರಗಳನ್ನು ತಿದ್ದಿದವರು. ತಲೆಯೆತ್ತಿ ಒಮ್ಮೆ ನನ್ನ ಕಡೆ ನೋಡಿದರು. ನಾನು ಮುಂದಿದ್ದ ಪತ್ರಿಕೆಯ ಅಂಕಗಳನ್ನು ಮತ್ತೆ ಕೂಡಿಸುತ್ತಿದ್ದೆ.

“ಬಿಟ್ಟಿರಬೇಕು,” ಎಂದರು. ಅಷ್ಟೇ. ಮುಂದಿನ ಸೋಮವಾರದಿಂದ ಭೂಗೋಳಕ್ಕೆ ಬೇರೆಯವರು ಬಂದರು.

ನಾಳೆ ಹೋಗಿ ಹೇಳೋಣ ಎಂದುಕೊಂಡೆ. ಆಮೇಲೆ ನನಗೆ ನೌಕರಿಯಾಯಿತು... ಆರು ವರ್ಷ ಆಯಿತು.

ಮೊನ್ನೆ ಆ ಮೊದಲ ಪುಟವನ್ನು ನೆನಪಿನಿಂದ ಬರೆದುಕೊಂಡು ಸೆಂಟರಿಗೆ ಹೋದೆ. ಅದೇ ಮ್ಯಾನೇಜರು. ಸರ್ ಮನೆ ವಿಳಾಸ ಕೇಳಿದೆ.

“ಅವರು ತೀರಕೊಂಡು ಎರಡ ವರ್ಷಾತ್ರಿ ಮೇಡಂ. ನಿಮಗ ಗೊತ್ತಿಲ್ಲೇನು?”

ಆ ಪುಟ ಬಿಟ್ಟವಳು ನಾನು ಎಂದೆ. ಯಾವ ಪುಟ ಎಂದು ಅವರಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನಕ್ಕರು.

“ಓ, ಅದಾ! ಅದೇ ನೋಟ್ಸ್ ಈಗ ನಾವs ಕೊಡಾಕತ್ತೇವ್ರಿ. ಅಕ್ಷರ ಭಾಳ ಛಲೋ ಅದಾವ.”

ನಾನು ಕೊಟ್ಟ ಹಾಳೆಯನ್ನು ಮಡಚಿ ಡ್ರಾಯರಿಗೆ ಹಾಕಿದರು. ಇನ್ನು ಮುಂದೆ ಅದನ್ನು ಸೇರಿಸಿರೆಂದು ಎರಡು ಸಲ ಹೇಳಿದೆ. ಎರಡು ಸಲವೂ ಹೂಂ ಅಂದರು. ಸೇರಿಸುವುದಿಲ್ಲವೆಂದು ನನಗೆ ಗೊತ್ತು. ಬಸ್ಸಿನಲ್ಲಿ ಬರುವಾಗ ನನಗೆ ಸಿಟ್ಟು ಬಂದದ್ದು ಅವರ ಮೇಲಲ್ಲ, ಸರ್ ಮೇಲೆ. ಅಂದು ಎಲ್ಲರೆದುರು ಅವರು ಒಂದು ಮಾತು ಕೇಳಿದ್ದರೆ ಒಪ್ಪಿಕೊಳ್ಳುತ್ತಿದ್ದೆನೋ, ಸುಳ್ಳು ಹೇಳುತ್ತಿದ್ದೆನೋ... ಅವರು ಕೇಳಲಿಲ್ಲ. ಇನ್ನು ಕೇಳುವವರೂ ಇಲ್ಲ.