ಗ್ಯಾಂಗಿನ ಪರವಾಗಿ ಕೊಟ್ಟ ರಕ್ತ

ತಿಥಿಗೆ ಬಂದಿದ್ದ ನೆಂಟರು ಹಿಂದಿನ ಸಂಜೆಯ ಬಸ್ಸಿಗೇ ಹೊರಟುಹೋಗಿದ್ದಾರೆ. ಪಾಂಡವಪುರ ರೈಲ್ವೆ ಸ್ಟೇಷನ್ನಿನ ಆಚೆಗಿನ ಊರಿನಲ್ಲಿ ಪುಟ್ಟತಾಯಮ್ಮ ಎಂದಿನ ಹೊತ್ತಿಗೇ ಎದ್ದು ಅಂಗಳ ಗುಡಿಸುತ್ತಾರೆ. ಗುಡಿಸಿದ ಕಡೆಯೇ ಮತ್ತೆ ಗುಡಿಸುತ್ತಾರೆ. ಗೋಡೆಗೆ ಒರಗಿಸಿದ ಸೈಕಲ್ಲು ಪೊರಕೆಗೆ ಅಡ್ಡ ಬರುತ್ತದೆ. ಅದು ಅವರ ಮನೆಯದಲ್ಲ. ಗಂಡ ಚಿಕ್ಕಸ್ವಾಮಿ ಕಾಯಿಲೆ ಬಿದ್ದ ಹೊಸದರಲ್ಲಿ ಆಸ್ಪತ್ರೆಗೆ ಹೋಗಿಬರಲು, ಜೊತೆಗೆ ಕಬ್ಬು ತುಂಬುತ್ತಿದ್ದ ಗೆಳೆಯ ತಮ್ಮಯ್ಯನಿಂದ ಇಸಕೊಂಡದ್ದು. ಅವನ ಮಣ್ಣಿಗೆ ಬಂದವರಲ್ಲಿ ಒಬ್ಬರೂ ಅದನ್ನು ಮುಟ್ಟಿಲ್ಲ. ಚಿಕ್ಕಸ್ವಾಮಿಗೆ ಬಂದದ್ದು ಏಡ್ಸ್ ಎಂದು ಊರಿಗೆಲ್ಲ ಗೊತ್ತು.

ಪುಟ್ಟತಾಯಮ್ಮ ಪೊರಕೆ ಇಟ್ಟು, ಸೈಕಲ್ಲು ತಳ್ಳಿಕೊಂಡು ತಮ್ಮಯ್ಯನ ಮನೆಗೆ ಹೋಗುತ್ತಾರೆ. ದೂರದಿಂದಲೇ ಅವರನ್ನು ಕಂಡ ತಮ್ಮಯ್ಯ ಹಿತ್ತಲಿನಿಂದ ಕಬ್ಬಿನ ಗದ್ದೆಗೆ ಇಳಿದು ಮರೆಯಾಗುತ್ತಾನೆ. ಅವನ ತಾಯಿ ಹೊಸ್ತಿಲಲ್ಲಿ ನಿಂತು, “ಬ್ಯಾಡ ಕಣವ್ವ, ಅದ ಒಳಕ್ಕೆ ತರಬ್ಯಾಡ” ಎನ್ನುತ್ತಾಳೆ. ಪುಟ್ಟತಾಯಮ್ಮ ಸೈಕಲ್ಲು ತಿರುಗಿಸುತ್ತಾರೆ.

ಇದು ಹೋದ ವರ್ಷದ, ತೊಂಬತ್ತೇಳರ ಮಾತು. ಈಗ ಅದೇ ಸೈಕಲ್ಲು ತುಳಿದುಕೊಂಡು ಅವರು ಬೆಳಕು ಹರಿಯುವ ಮೊದಲೇ ನಾಲೆಯ ಏರಿ ಹಿಡಿಯುತ್ತಾರೆ. ಲಾರಿಗೆ ಕಬ್ಬು ತುಂಬುವ ಆಳುಗಳು ಆಲೆಮನೆಯ ಹಿಂದೆ ಸೇರುವ ಹೊತ್ತು ಅದು. ಹಗಲೆಲ್ಲ ಹೊರೆ ಹೊತ್ತ ಮೈಕೈ ನೋವಿಗೆಂದು ಶುರುವಾದ ಇಂಜೆಕ್ಷನ್ನು ಈಗ ಬಿಡಲಾಗದ ಚಟವಾಗಿದೆ. ಒಂದು ಗ್ಯಾಂಗಿಗೆ ಒಂದೇ ಸೂಜಿ. ಕೈಯಿಂದ ಕೈಗೆ ಹೋಗುತ್ತದೆ. ಈ ಆಳುಗಳನ್ನು ಒಬ್ಬೊಬ್ಬರನ್ನಾಗಿ ಒಪ್ಪಿಸಿ ಶ್ರೀರಂಗಪಟ್ಟಣದ ರಕ್ತ ಪರೀಕ್ಷೆಯ ಕೋಣೆಗೆ ಕಳಿಸುವುದು ಪುಟ್ಟತಾಯಮ್ಮನ ಕೆಲಸ. ಕೋಣೆ ನಡೆಸುವ ಸಣ್ಣ ಸಂಸ್ಥೆಯೊಂದು ಅವರ ಓಡಾಟಕ್ಕೆ ಒಂದಿಷ್ಟು ಕೊಡುತ್ತದೆ.

“ಬಂದ್ಲಪ್ಪ ರಕ್ತದಕ್ಕ” ಎನ್ನುತ್ತಾನೆ ಬೀಡಿ ಸೇದುತ್ತ ಕೂತ ರಂಗಸ್ವಾಮಿ.

“ರಾತ್ರಿಯೆಲ್ಲ ಸೊಳ್ಳೆ ಕುಡುದ್ರೆ ಸುಮ್ಕಿರ್ತೀಯ. ನಾನು ಒಂದು ಚೂರು ಕೇಳುದ್ರೆ ಮಕ ಸಿಂಡರಿಸ್ತೀಯಲ್ಲ.”

ಉಳಿದವರು ನಗುತ್ತಾರೆ. ರಂಗಸ್ವಾಮಿ ನಗುವುದಿಲ್ಲ. “ಮದ್ದಿಲ್ಲ ಅಂತ ನೀನೇ ಯೋಳ್ತೀಯ. ಗೊತ್ತಾಗಿ ಏನ್ ಮಾಡನಕ್ಕ?”

“ಗೊತ್ತಾದ್ರೆ ನಿನ್ ಸೂಜಿ ನಿನ್ ತಾವೇ ಇರ್ತದೆ. ಆಮೇಲೆ, ನಿನ್ ಎಡ್ತಿಗೆ ಮೊದ್ಲೇ ಗೊತ್ತಾಯ್ತದೆ. ನಂಗೆ ಗೊತ್ತಾಗಿದ್ದು ನಮ್ಮನೆಯವ್ರು ಎದ್ದು ಕೂರಕಾಗ್ದಂಗೆ ಆದ್ಮೇಲೆ.”

ಅವರು ದನಿ ಎತ್ತುವುದಿಲ್ಲ. ಸೈಕಲ್ಲಿನಿಂದ ಇಳಿಯುವುದೂ ಇಲ್ಲ. ಒಂದು ಕಾಲು ನೆಲಕ್ಕೆ, ಒಂದು ಪೆಡಲಿಗೆ. ಮಾತು ಮುಗಿಯುವ ಮೊದಲೇ ಕಣ್ಣು ಮುಂದಿನ ಆಲೆಮನೆಯ ಹೊಗೆಯ ಕಡೆ ಹೊರಳಿರುತ್ತದೆ.

ಕೆಲಸದ ರೀತಿಯನ್ನು ಅವರೇ ಕಂಡುಕೊಂಡಿದ್ದಾರೆ. ರಕ್ತ ಕೊಟ್ಟವನಿಗೆ ಮೂರು ಇಸ್ಪೀಟ್ ಎಲೆ ಕೊಡುತ್ತಾರೆ. ಅವನು ತನ್ನ ಜೊತೆ ಸೂಜಿ ಹಂಚಿಕೊಂಡ ಮೂವರಿಗೆ ಅವನ್ನು ದಾಟಿಸಬೇಕು. ಎಲೆ ತಂದವನ ಹೆಸರನ್ನು ಕೋಣೆಯಲ್ಲಿ ಯಾರೂ ಕೇಳುವುದಿಲ್ಲ. ‘ಕಳಾವರ್ ಹತ್ತು ಬರಲಿ’ ಎಂದು ಕೂಗುತ್ತಾರೆ. ಜೋಕರ್ ಬಂದವನು ಮಾತ್ರ ಪ್ರತಿ ಸಲ ಜಗಳ ತೆಗೆಯುತ್ತಾನೆ. ನಾಗಮಂಗಲದ ಆಳೊಬ್ಬ ರಾಣಿ ಬೇಡ, ರಾಜನೇ ಬೇಕು ಎಂದು ವಾಪಸು ಹೋಗಿ, ಎಲೆ ಬದಲಿಸಿಕೊಂಡು ಮಾರನೇ ವಾರ ಬಂದನಂತೆ. “ಬಂದ್ನಲ್ಲ, ಬುಡಿ” ಎನ್ನುತ್ತಾರೆ ಪುಟ್ಟತಾಯಮ್ಮ. ವಾರಕ್ಕೆ ಹತ್ತು ಹನ್ನೆರಡು ಜನ ಬರುತ್ತಾರೆ. ಮಳೆ ಹಿಡಿದರೆ ಒಬ್ಬರೂ ಇಲ್ಲ. ಪುಟ್ಟತಾಯಮ್ಮನೂ ತಮ್ಮ ರಕ್ತ ಕೊಟ್ಟಿದ್ದಾರೆ. “ಏನ್ ಬಂತು ಅಂತ ಕೇಳ್ಬ್ಯಾಡಿ. ನಾನೂ ಯಾರ್ದೂ ಕೇಳಕಿಲ್ಲ.”

ಈ ಲೇಖನದಲ್ಲಿ ಆಳುಗಳ ಹೆಸರು ಬದಲಿಸಿದೆ. ತನ್ನದು ಮತ್ತು ಗಂಡನದು ಹಾಗೇ ಇರಲಿ ಎಂದವರು ಪುಟ್ಟತಾಯಮ್ಮ.

ಪ್ರತಿಯೊಬ್ಬನೂ ತಾನೇ ಬರಬೇಕು ಎಂಬ ಅವರ ಹಟಕ್ಕೆ ಕಾರಣವಿದೆ. ಕಬ್ಬಿನ ಗ್ಯಾಂಗಿನಲ್ಲಿ ಯಾವ ಕೆಲಸಕ್ಕೂ ಒಬ್ಬ ಹೋದರೆ ಎಲ್ಲರೂ ಹೋದಂತೆ. ಬಟವಾಡೆಗೆ ಒಬ್ಬ, ಸಾಮಾನಿಗೆ ಒಬ್ಬ, ಮೇಸ್ತ್ರಿಯ ಹತ್ತಿರ ಮಾತಾಡಲು ಒಬ್ಬ. ಹಿಂದೊಮ್ಮೆ ಸೂಜಿಯಿಂದ ರೋಗ ಹರಡುವ ಸುದ್ದಿ ಹಬ್ಬಿದಾಗ ಚಿಕ್ಕಸ್ವಾಮಿಯ ಗ್ಯಾಂಗಿನವರು ರಕ್ತ ಪರೀಕ್ಷೆಗೂ ಒಬ್ಬನನ್ನೇ ಕಳಿಸಿದರು. ಸೂಜಿ ಒಂದೇ ತಾನೆ, ಒಬ್ಬನದು ನೋಡಿದರೆ ಸಾಕು ಎಂಬುದು ಅವರ ಲೆಕ್ಕ. ಹೋದವನು ತಮ್ಮಯ್ಯ, ಗ್ಯಾಂಗಿನಲ್ಲಿ ಸೈಕಲ್ಲು ಇದ್ದದ್ದು ಅವನಿಗೇ. ರಕ್ತದಲ್ಲಿ ಏನೂ ಇಲ್ಲ ಎಂದು ಬಂತು.

“ಅವತ್ತು ನಮ್ಮನೇಲೇ ಕೋಳಿ ಕುಯ್ದಿದ್ದು. ಎಲ್ಲಾರೂ ಗೆದ್ದೋರಂಗೆ ಉಂಡ್ರು. ಆಮೇಲೆ ಸೂಜಿಗೆ ಇದ್ದ ಒಂದ್ ಚೂರು ಅಂಜ್ಕೆನೂ ಓಯ್ತು” ಎನ್ನುತ್ತಾರೆ ಪುಟ್ಟತಾಯಮ್ಮ. ಚಿಕ್ಕಸ್ವಾಮಿ ತನ್ನ ರಕ್ತವನ್ನು ತೋರಿಸಲೇ ಇಲ್ಲ. ತೋರಿಸುವ ಹೊತ್ತಿಗೆ ತಡವಾಗಿತ್ತು. ಆ ಒಂದು ಪರೀಕ್ಷೆಯ ನಂತರವೂ ತಮ್ಮಯ್ಯ ಅವನ ಜೊತೆ ಅದೇ ಸೂಜಿ ಚುಚ್ಚಿಕೊಂಡಿದ್ದಾನೆ. ಹಾಗಾಗಿ ಅವನ ಹಳೆಯ ಫಲಿತಾಂಶ ಈಗ ಅವನಿಗೂ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಅಂದು ಕಬ್ಬಿನ ಗದ್ದೆಗೆ ಇಳಿದ ತಮ್ಮಯ್ಯ ಆಮೇಲೆ ಊರೇ ಬಿಟ್ಟಿದ್ದ.

“ಒಂದ್ ಕಡೆ ಕೂರಕಾಗಲ್ಲ ನಂಗೆ. ಕೂತ್ರೆ, ಅವ್ನು ಎಲ್ಲವ್ನೋ, ಯಾರ್ ಜೊತೆ ಸೂಜಿ ಅಂಚ್ಕತಾವ್ನೋ ಅನ್ಸ್‌ತದೆ.” ಅವರು ಕೆ.ಆರ್. ಪೇಟೆಯವರೆಗೂ ಬಸ್ಸಿನಲ್ಲಿ ಹೋಗಿ ಹುಡುಕಿದ್ದಾರೆ. ಇವರು ಬರುವ ಸುದ್ದಿ ಇವರಿಗಿಂತ ಮೊದಲೇ ಅವನನ್ನು ಮುಟ್ಟುತ್ತಿತ್ತು. ಕೊನೆಗೆ ಹುಡುಕುವುದನ್ನು ಬಿಟ್ಟರು. ಎಲೆಗಳನ್ನು ಮಾತ್ರ ಬಿಡಲಿಲ್ಲ.

ಕಳೆದ ಶುಕ್ರವಾರ ಬೆಳಿಗ್ಗೆ ಶ್ರೀರಂಗಪಟ್ಟಣದ ಕೋಣೆಯ ಮುಂದೆ ‘ಆಟೀನ್ ರಾಜ’ ಎಂದು ಕೂಗಿದಾಗ ಎದ್ದು ನಿಂತವನು ತಮ್ಮಯ್ಯ. ಪಾಂಡವಪುರದ ಒಬ್ಬ ದಾಟಿಸಿದ ಎಲೆ ಹಿಡಿದು ಕೆ.ಆರ್. ಪೇಟೆಯ ಇನ್ನೊಬ್ಬ ಬಂದು ರಕ್ತ ಕೊಟ್ಟಿದ್ದ; ಅವನಿಗೆ ಸಿಕ್ಕ ಮೂರರಲ್ಲಿ ಒಂದು ಹೇಮಗಿರಿ ಕಡೆ ಕಬ್ಬು ಕಡಿಯುತ್ತಿದ್ದ ಇವನನ್ನು ಮುಟ್ಟಿತ್ತು. ರಕ್ತ ಕೊಟ್ಟು ತೋಳು ಮಡಿಸಿಕೊಂಡು ಹೊರಗೆ ಬಂದವನು ಪುಟ್ಟತಾಯಮ್ಮನನ್ನು ನೋಡಿ ಅಲ್ಲೇ ನಿಲ್ಲುತ್ತಾನೆ.

“ಇದು ನಿಮ್ಮ ಎಲೆ ಅಂತ ಗೊತ್ತಿರ್ನಿಲ್ಲ ಅತ್ಗೆ. ಗೊತ್ತಿದ್ರೆ ಬತ್ತಿರ್ನಿಲ್ಲ.”

“ಅದ್ಕೇ ಯಾರೂ ಯೋಳಿಲ್ಲ.”

“ಏನೂ ಇಲ್ಲ ಅಂತ ಕುಣ್ಕಂಡ್ ಬಂದು ಯೋಳ್ದೋನು ನಾನೇ. ಯಾವ್ ಮಕ ಇಟ್ಕಂಡ್ ನಿಮ್ ಮುಂದೆ ನಿಂತ್ಕಳನ?”

“ಇರೋ ಮಕಾನೇ ಇಟ್ಕೊ. ಬಾ ಇಲ್ಲಿ.”

ಗೋಡೆಗೆ ಒರಗಿಸಿದ ಸೈಕಲ್ಲನ್ನು ಅವರು ಅವನ ಮುಂದಕ್ಕೆ ತಳ್ಳುತ್ತಾರೆ. ಚೈನಿಗೆ ಎಣ್ಣೆ ಬಿಟ್ಟಿದೆ, ಸೀಟಿಗೆ ಹೊಸ ಕವರು ಬಂದಿದೆ. ತಮ್ಮಯ್ಯ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾನೆ.

“ನೀವೇ ಮಡಿಕಳಿ. ನಿಮ್ ಕೆಲ್ಸಕ್ಕೆ ಬೇಕಲ್ಲ.”

“ಅವ್ರು ಇಸ್ಕಂಡಿದ್ದು ಕಣಪ್ಪ. ಕೊಡ್ಬೇಕು.”

“ಅವ್ವ ಒಳಕ್ಕೆ ಬುಡಕಿಲ್ಲ.”

“ನಾನು ತಂದ್ರೆ ಬುಡಕಿಲ್ಲ. ನೀನು ತುಳ್ಕಂಡ್ ಬಂದ್ರೆ ಬುಡ್ತಾಳೆ. ವರ್ಸದಿಂದ ನಿನ್ ದಾರಿ ಕಾಯ್ತಾವ್ಳೆ.”

ತಮ್ಮಯ್ಯ ಹ್ಯಾಂಡಲ್ಲು ಹಿಡಿಯುತ್ತಾನೆ. ಬೆಲ್ಲು ಒತ್ತಿ ನೋಡುತ್ತಾನೆ. ಆಮೇಲೆ ತಲೆ ಎತ್ತದೆ ಕೇಳುತ್ತಾನೆ: “ಗ್ಯಾಂಗಿನೋರ್ಗೆ ಏನಂತ ಯೋಳನ?”

“ಏನೂ ಯೋಳ್ಬ್ಯಾಡ. ಈ ಮೂರು ಎಲೆ ಕೊಡು. ಅವ್ರವ್ರದು ಅವ್ರವ್ರೇ ಬಂದು ತಕತಾರೆ.”

ಪುಟ್ಟತಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಸ್‌ಸ್ಟ್ಯಾಂಡಿನ ಕಡೆ ನಡೆಯುತ್ತಾರೆ. ನಾಲ್ಕು ಹೆಜ್ಜೆ ಹೋದವರು ತಿರುಗುತ್ತಾರೆ.

“ಮುಂದಿನ್ ಸುಕ್ರುವಾರ ನಿನ್ ರಕ್ತದ ಚೀಟಿ ಬತ್ತದೆ. ಬಸ್ಸು ಸಿಗ್ನಿಲ್ಲ ಅನ್ನಂಗಿಲ್ಲ.”