ಬಾಯಿ ಬಿಟ್ಟು ಮಾತಾಡು

ನನ್ನ ಗಂಡ ನಿವೃತ್ತರಾದ ಮರುವರ್ಷ, ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತ ಅಡುಗೆಮನೆಯಿಂದಲೇ ಕೇಳಿದೆ: "ಹಾಲ ಬಂತೇನ್ರಿ?"

ಪಡಸಾಲೆಯಿಂದ ಉತ್ತರ ಬಂತು. "ಹೌದ, ಇವತ್ತ ಐತವಾರ. ಸಾಲಿ ಬಂದ್ ಇರ್ತಾವ."

ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಮತ್ತೊಮ್ಮೆ ಕೇಳಿದೆ. ಅವರು ಪೇಪರು ಮಡಚಿಟ್ಟು, ಹೈಸ್ಕೂಲಿನಲ್ಲಿ ಹಿಂದಿನ ಸಾಲಿನ ದಡ್ಡರನ್ನು ನೋಡುತ್ತಿದ್ದ ಹಾಗೆ ನನ್ನನ್ನು ನೋಡಿದರು.

"ಏನ ಗುಣುಗುಣು ಅಂತೀ? ಸ್ವಲ್ಪ ಬಾಯಿ ಬಿಟ್ಟ ಮಾತಾಡ."

ಕೈಯಲ್ಲಿದ್ದ ಹಿಟ್ಟಿನ ಉಂಡೆಯನ್ನು ಎಲ್ಲಿಗೆ ಎಸೆಯಲಿ ಎಂದು ಒಂದು ಕ್ಷಣ ಯೋಚಿಸಿದೆ. ಜೋಳ ತುಟ್ಟಿ, ಅದಕ್ಕೇ ವಾಪಸು ಹಿಟ್ಟು ನಾದುವ ಪರಾತಕ್ಕೆ ಹಾಕಿದೆ. ಆ ದಿನ ನಾನು ಬಡಿದ ರೊಟ್ಟಿಗಳ ಸದ್ದು ಮಾತ್ರ ಅವರಿಗೆ ಕೇಳಿಸಿರಬೇಕು.

ಇಷ್ಟಕ್ಕೆ ಇಷ್ಟು ಸಿಟ್ಟೇ ಎಂದು ಕೇಳುವವರು ನಾನು ಹುಟ್ಟಿದ ಮನೆಯನ್ನು ನೋಡಿಲ್ಲ. ನಮ್ಮದು ಬನಹಟ್ಟಿ. ನಾನು ಸಣ್ಣವಳಿದ್ದಾಗ ಕೈಮಗ್ಗ ಹೋಗಿ ಪಾವರ್ ಮಗ್ಗ ಬಂದವು. ಅಪ್ಪ ಮನೆಯ ಮುಂದಿನ ಅರ್ಧಕ್ಕೆ ನಾಲ್ಕು ಮಗ್ಗ ಹಾಕಿಸಿದ, ಹಿಂದಿನ ಅರ್ಧದಲ್ಲಿ ನಾವಿದ್ದೆವು. ಬೆಳಗಾದರೆ ಲಾಳಿ ಅತ್ತಿಂದಿತ್ತ ಬಡಿಯುವ ಸದ್ದು. ನಮ್ಮ ಮನೆ ಅಂತಲ್ಲ, ಓಣಿಗೆ ಓಣಿಯೇ ಹಾಗೆ. ಅಲ್ಲಿ ಪಿಸುಮಾತಾಡುವವರು ಒಂದೋ ಹುಚ್ಚರು, ಇಲ್ಲ ಪರ ಊರಿನವರು.

ಮಗ್ಗದ ಪಕ್ಕದಲ್ಲೇ ಕೂತು, ಲಾಳಿಯೊಳಗೆ ಇಡುವ ನೂಲಿನ ಕಂಡಿಕೆ ಸುತ್ತುತ್ತಿದ್ದ ನನ್ನ ಅಜ್ಜಿಯೇ ನನಗೆ ಮಾತು ಕಲಿಸಿದವಳು. ಕೆಲಸ ಮಾಡುತ್ತಲೇ ಕತೆ ಹೇಳುವಳು, ಆಮೇಲೆ ಅದೇ ಕತೆಯನ್ನು ನನ್ನಿಂದ ಹೇಳಿಸುವಳು. "ತುಟಿ ಕಾಣ್ಲಿ. ದೊಡ್ಡ ಮಾತ ಮೊದಲ ಒಗಿ, ಸಣ್ಣದು ಅದರ ಹಿಂದ ತಾನ ಬರ್ತೈತಿ," ಎನ್ನುವಳು. ಕಾಡಿನಿಂದ ಹುಲಿ ಬಂತು ಎನ್ನಬೇಕಾದರೆ ಮೊದಲು ಹುಲಿಯನ್ನು ಬಿಡಬೇಕು, ಕಾಡು ಆಮೇಲೆ. ಏಳೆಂಟು ವರ್ಷಕ್ಕೇ ನಾನು ನಾಲ್ಕು ಮಗ್ಗಗಳ ಮೇಲಿಂದ ಆಚೆ ಗೋಡೆಗೆ ಕತೆ ಮುಟ್ಟಿಸುತ್ತಿದ್ದೆ. "ಏನ ಗಂಟಲಬೇ ಈಕೀದು," ಎಂದು ಓಣಿಯವರು ಮೆಚ್ಚಿ ಹೇಳುತ್ತಿದ್ದರು. ಬೇರೆ ಊರಿನಲ್ಲಿ ಅದು ಬೈಗುಳ ಎಂದು ನನಗೇನು ಗೊತ್ತು?

ಆ ಗಂಟಲನ್ನು ಹೊತ್ತುಕೊಂಡು ಜಮಖಂಡಿಗೆ ಸೊಸೆಯಾಗಿ ಹೋದೆ. ಅವರೂ ಹಿಂದೆ ಮಗ್ಗದವರೇ. ಆದರೆ ಮಾವನವರು ಮಗ್ಗ ಬಿಟ್ಟು ಕಚೇರಿಯಲ್ಲಿ ಕಾರಕೂನರಾಗಿದ್ದರು. ಸಾಹೇಬರ ಮುಂದೆ ಮೆಲ್ಲಗೆ ಮಾತಾಡಿ ಮಾತಾಡಿ, ಮೆಲ್ಲಗೆ ಮಾತಾಡುವುದೇ ದೊಡ್ಡ ಮನೆತನದ ಗುರುತು ಎಂಬ ನಿರ್ಧಾರಕ್ಕೆ ಬಂದುಬಿಟ್ಟಿದ್ದರು. ಮದುವೆಯಾದ ಮೂರನೇ ದಿನ, ಹಿತ್ತಿಲಲ್ಲಿದ್ದ ಅತ್ತೆಯನ್ನು ನಾನು ಒಳಗಿನಿಂದ ಕೇಳಿದೆ: "ಅತ್ಯಾರ, ಸಾರಿಗೆ ಉಪ್ಪ ಹಾಕೀರೇನ್ರಿ?"

ಪಕ್ಕದ ಮನೆಯಾಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿ ಬಂದಳು. "ಏನಾತ್ರೀ? ಇಷ್ಟ ಲಗೂನ ಜಗಳಾ ಸುರು ಆತೇನ?"

ಸಂಜೆ ಮಾವನವರು ಮಗನನ್ನು ಕರೆದು ಏನೋ ಹೇಳಿದರು. ಏನೆಂದು ನನಗೆ ಕೇಳಿಸಲಿಲ್ಲ, ಅವರು ಹೇಳಿದ್ದು ಅಷ್ಟು ಮೆಲ್ಲಗೆ. ಮರುದಿನದಿಂದ ನನ್ನ ಗಂಡನಿಗೆ ಒಂದು ಬೆರಳು ಬಂತು. ನಾನು ಬಾಯಿ ತೆರೆದ ಕೂಡಲೇ ತೋರುಬೆರಳನ್ನು ಎತ್ತಿ, ಗಾಳಿಯಲ್ಲಿ ಏನನ್ನೋ ಅದುಮುವ ಹಾಗೆ ಕೆಳಗಿಳಿಸುವರು. ಊಟಕ್ಕೆ ಬಡಿಸುವಾಗ ಬೆರಳು. ನೆಂಟರು ಬಂದಾಗ ಬೆರಳು. ಹೆರಿಗೆ ನೋವು ಬಂದ ದಿನವೂ ಆ ಬೆರಳು ಮೇಲೆದ್ದಿತ್ತು. ಅದನ್ನು ನಾನು ಮರೆತಿಲ್ಲ, ಮರೆಯುವ ವಿಚಾರವೂ ಇಲ್ಲ. ಇಡೀ ದಿನ ಸಾಲಿಯಲ್ಲಿ ಹುಡುಗರ ಮೇಲೆ ಒದರಿ ಬರುವ ಮಾಸ್ತರರಿಗೆ ಮನೆಯಲ್ಲಿ ಹೆಂಡತಿಯ ಸದ್ದು ಆಗುತ್ತಿರಲಿಲ್ಲ.

ಕಲಿತೆ. ಕಲಿಯದೆ ಏನು ಮಾಡುವುದು? ನಾಲ್ಕೈದು ವರ್ಷದಲ್ಲಿ ನನ್ನ ಮಾತು ಬೆಕ್ಕು ನಡೆದ ಹಾಗಾಯಿತು. ತವರಿಗೆ ಹೋದರೆ ಅವ್ವ ನನ್ನ ಮುಖವನ್ನೇ ದಿಟ್ಟಿಸಿ, "ಯಾಕಬೇ, ಅವರ ಮನ್ಯಾಗ ಹೊಟ್ಟಿಗೆ ಹಾಕೂದಿಲ್ಲೇನ?" ಎಂದಳು. ಅಜ್ಜಿ ಆಗ ಹಾಸಿಗೆ ಹಿಡಿದಿದ್ದಳು. ಮಗ್ಗದ ಸದ್ದಿಲ್ಲದೆ ನಿದ್ದೆ ಬರುವುದಿಲ್ಲವೆಂದು ಹಟ ಮಾಡಿ ಮಗ್ಗಗಳ ಪಕ್ಕದಲ್ಲೇ ಹೊರಸು ಹಾಕಿಸಿಕೊಂಡಿದ್ದಳು. "ಒಂದ ಕತಿ ಹೇಳ," ಅಂದಳು. ನಾನು ಶುರು ಮಾಡಿದೆ. ದನಿ ಮೊದಲನೇ ಮಗ್ಗವನ್ನೂ ದಾಟಲಿಲ್ಲ. ಅಜ್ಜಿ ಸ್ವಲ್ಪ ಹೊತ್ತು ನನ್ನ ತುಟಿ ನೋಡಿದಳು. ತುಟಿಯನ್ನೂ ನಾನು ಸಣ್ಣದು ಮಾಡಿಕೊಂಡಿದ್ದೆ. "ಇರ್ಲಿ ಬಿಡ, ದಣದ ಬಂದೀ," ಎಂದು ಗೋಡೆಯ ಕಡೆ ಹೊರಳಿದಳು. ಅವಳಿಗೆ ನಾನು ಮತ್ತೆ ಕತೆ ಹೇಳಲು ಆಗಲಿಲ್ಲ.

ಆ ಸಿಟ್ಟು ಅರ್ಧ ಅವರ ಮೇಲೆ, ಅರ್ಧ ನನ್ನ ಮೇಲೆ. ಇಷ್ಟಾದ ಮೇಲೆ ಈಗ ಅದೇ ಮನುಷ್ಯ ನನಗೆ ಬಾಯಿ ಬಿಟ್ಟು ಮಾತಾಡು ಅನ್ನುತ್ತಾರೆ.

ಅವರ ಕಿವಿ ಮಂದವಾಗಿತ್ತು. ವಯಸ್ಸಾದರೆ ಯಾರದ್ದಾದರೂ ಆಗುತ್ತದೆ. ನನ್ನ ಮೊಣಕಾಲು ಹೋಗಿದೆ, ಅದಕ್ಕೆ ನಾನು ಮೆಟ್ಟಿಲುಗಳನ್ನು ಬೈಯುತ್ತೇನೆಯೇ? ಇವರು ಮಾತ್ರ ಎಲ್ಲರನ್ನೂ ಬೈದರು. ರೇಡಿಯೋದವರು ಮೊದಲಿನ ಹಾಗೆ ಓದುವುದಿಲ್ಲ. ಪೋಸ್ಟಿನವನ ಬಾಯಲ್ಲಿ ಸದಾ ತಂಬಾಕು. ಈಗಿನ ಹುಡುಗರು ಅಕ್ಷರ ನುಂಗುತ್ತಾರೆ. ಎಲ್ಲರಿಗಿಂತ ದೊಡ್ಡ ತಪ್ಪಿತಸ್ಥಳು ನಾನು. ಲೋಕಾಪುರಕ್ಕೆ ಕೊಟ್ಟಿದ್ದ ಮಗಳು ಬಂದಾಗ, ಅವಳಾದರೂ ನ್ಯಾಯ ಹೇಳುತ್ತಾಳೆ ಅಂದುಕೊಂಡೆ.

"ಅವ್ವಾ, ನೀನರ ಸ್ವಲ್ಪ ಜೋರ ಮಾತಾಡಬಾರ್ದ? ಅಪ್ಪಗ ತ್ರಾಸ ಆಗ್ತೈತಿ," ಅಂದಳು.

"ಮಾತಾಡ್ತೀನಿ. ಕಿವಿ ಮಂದ ಆಗ್ಯಾವು ಅಂತ ನಿಮ್ಮಪ್ಪ ಒಂದ ಸಲ ಬಾಯಲೆ ಅನ್ಲಿ. ಅವತ್ತಿಂದ ಮಾತಾಡ್ತೀನಿ."

"ಏನಂತಾಳ ನಿಮ್ಮವ್ವ?" ಎಂದರು ಅವರು, ಮಗಳ ಕಡೆ ತಿರುಗಿ.

"ಏನಿಲ್ಲ ಬಿಡಪಾ."

ನನಗೆ ಬೇಕಾದದ್ದು ಅದೊಂದೇ ಮಾತು. ಅವರು ಹೇಳಲಿಲ್ಲ, ನಾನು ದನಿ ಎತ್ತಲಿಲ್ಲ. ಎರಡು ತಿಂಗಳು ನಮ್ಮ ಮನೆಯಲ್ಲಿ ಉಪ್ಪು ಕೇಳಿದರೆ ಸೊಪ್ಪು ಬಂತು, ಬಟ್ಟೆ ಒಣಗಿದವೇ ಎಂದರೆ ಬುಟ್ಟಿ ಬಂತು. ಹಟಕ್ಕೆ ಬಿದ್ದ ಇಬ್ಬರು ಮುದುಕರನ್ನು ನೋಡಿ ಪಕ್ಕದ ಮನೆಯವರು ನಗುತ್ತಿದ್ದರು. ನಾನು ನಗಲಿಲ್ಲ.

ಅಷ್ಟರಲ್ಲಿ ತವರುಮನೆಯಲ್ಲಿ ನನ್ನ ತಮ್ಮ ಎರಡು ಹೊಸ ಮಗ್ಗ ಹಾಕಿಸಿ, ಪೂಜೆಗೆ ಕರೆದ. ಇಬ್ಬರೂ ಬಸ್ಸು ಹಿಡಿದು ಬನಹಟ್ಟಿಗೆ ಹೋದೆವು. ಪೂಜೆ ಮುಗಿದು ತೆಂಗಿನಕಾಯಿ ಒಡೆದ ಕೂಡಲೇ ಎಲ್ಲ ಮಗ್ಗಗಳೂ ಒಟ್ಟಿಗೆ ಶುರುವಾದವು. ತಮ್ಮನ ಹೆಂಡತಿ ಚಹಾ ತಂದಳು. ಅವಳೂ ಅದೇ ಓಣಿಯಲ್ಲಿ ಹುಟ್ಟಿದವಳು.

"ಚಾ ತಗೋರಿ ಮಾಮಾರ. ಬಸ್ಸಿನ್ಯಾಗ ಜಾಗಾ ಸಿಕ್ಕಿತ್ತಿಲ್ರಿ?"

"ಸಿಕ್ತವಾ, ಕಿಡಕಿ ಕಡೆ," ಎಂದರು ನನ್ನ ಗಂಡ, ಒಂದಕ್ಷರ ತಪ್ಪದೆ. ಮುಖ ಅರಳಿತು. ನನ್ನ ತಮ್ಮ ನೂಲಿನ ವಿಷಯ ತೆಗೆದ, ಅದೂ ಕೇಳಿಸಿತು. ಮಗ್ಗದ ಸದ್ದಿನ ಮೇಲೆ ಎಲ್ಲರೂ ಗಂಟಲು ಬಿಟ್ಟು, ತುಟಿ ತೆರೆದು ಮಾತಾಡುವ ಊರಿನಲ್ಲಿ ಕಿವುಡರಿಗೆ ಏನು ಕಡಿಮೆ? ಅರ್ಧ ತಾಸು ಅವರು ಹೊಸ ಅಳಿಯನ ಹಾಗೆ ಹರಟಿದರು. ಆಮೇಲೆ ಖಾಲಿ ಕಪ್ಪು-ಬಸಿ ಕೆಳಗಿಟ್ಟು, ನನ್ನ ಕಡೆ ತಿರುಗಿದರು.

"ನೋಡ, ಈಕಿ ಹೆಂಗ ಮಾತಾಡ್ತಾಳ. ಗಂಟಿ ಬಾರಿಸಿದಂಗ. ನೀ ಎಂಟ ದಿನಾ ಇಲ್ಲೇ ಇದ್ದ, ಈಕಿ ಕಡೆ ಮಾತಾಡೂದ ಕಲ್ತ ಬಾ."

ನಾನು ಎದ್ದು ನಿಂತೆ. ಅಜ್ಜಿ ಕಲಿಸಿದ ಹಾಗೆ ದೊಡ್ಡ ಮಾತನ್ನು ಮೊದಲು ಒಗೆದೆ.

"ಕಿವಿ. ಕಿವಿ ಹೋಗ್ಯಾವು ನಿಮ್ಮವು. ಈ ಗಂಟಲ ನಾ ಕಲ್ತದ್ದ ಇದ ಜಾಗಾದಾಗ. ಮದುವ್ಯಾದ ನಾಕನೇ ದಿನಕ್ಕ ಬೆರಳ ಎತ್ತಿದವರ ಯಾರ್ರಿ? ನೀವು ಅದುಮಿದ್ರಿ, ನಾ ಅದುಮಿಸಿಕೊಂಡೆ. ನಮ್ಮಜ್ಜಿ ಒಂದ ಕತಿ ಕೇಳಿದ್ಲು, ಹೇಳಾಕ ಬರ್ಲಿಲ್ಲ ನನಗ. ಈಗ ನನ್ನ ಬಾಯಿಗೆ ಹೆಸರ ಇಡ್ತೀರಿ. ಅನ್ರಿ, ಕಿವಿ ಹೋಗ್ಯಾವು ಅಂತ ಒಂದ ಸಲ ಅನ್ರಿ."

ಎಷ್ಟೋ ವರ್ಷದ ನಂತರ ನನ್ನ ದನಿ ಆಚೆ ಗೋಡೆಗೆ ಹೋಗಿ ಬಡಿಯಿತು. ಅವರ ಬೆರಳು ರೂಢಿಯಂತೆ ಮೇಲೆದ್ದಿತು, ಅರ್ಧಕ್ಕೆ ನಿಂತಿತು. ಅತ್ತಿತ್ತ ನೋಡಿದರು. ನನ್ನ ತಮ್ಮ ಕೊನೆಯ ಮಗ್ಗದ ಹತ್ತಿರ ಬಾಗಿದ್ದ, ಅವನ ಹೆಂಡತಿ ಬಸಿ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಈ ಗದ್ದಲದಲ್ಲಿ ಯಾರಿಗೂ ಕೇಳುವುದಿಲ್ಲ ಎಂಬ ಧೈರ್ಯದಿಂದ ನನ್ನ ಹತ್ತಿರ ಬಂದು, ಪೂರಾ ಗಂಟಲು ಬಿಟ್ಟು ಒದರಿದರು.

"ಹೌದಬೇ, ನನ್ನ ಕಿವಿ ಹೋಗ್ಯಾವು. ಖರೆ ಐತಿ. ಆದ್ರ ಯಾರಿಗೂ ಹೇಳಬ್ಯಾಡ."

'ಖರೆ' ಎನ್ನುವಷ್ಟರಲ್ಲಿ ಕರೆಂಟು ಹೋಗಿತ್ತು. ನಮ್ಮ ಊರಿನಲ್ಲಿ ಅದು ಹೇಳಿ ಕೇಳಿ ಹೋಗುವುದಿಲ್ಲ. ಮಗ್ಗಗಳು ಒಮ್ಮೆಲೇ ನಿಂತವು, ಓಣಿಯ ಮಗ್ಗಗಳೂ ನಿಂತವು. ಇಡೀ ಬನಹಟ್ಟಿಯ ಮೌನದೊಳಗೆ "ಯಾರಿಗೂ ಹೇಳಬ್ಯಾಡ" ಎಂಬುದು ಮಾಸ್ತರರ ದನಿಯಲ್ಲಿ ಸ್ಪಷ್ಟವಾಗಿ ಕೇಳಿಸಿತು.

ಗೋಡೆಯಾಚೆಯ ಮನೆಯಿಂದ ಯಾರೋ ಹಿರಿಯರು ಉತ್ತರ ಕೊಟ್ಟರು. "ಇಲ್ರಿ ಮಾಸ್ತರ. ನಾವ್ಯಾರೂ ಹೇಳಂಗಿಲ್ಲ."

ಅದೊಂದು ಮಾತ್ರ ಅವರಿಗೆ ಕೇಳಿಸಲಿಲ್ಲ. "ಏನಂದ್ರ?" ಎಂದು ನನ್ನನ್ನು ಕೇಳಿದರು. ನಾನು ಹೇಳಲಿಲ್ಲ.

ಇದರಿಂದ ಸಿಟ್ಟು ಇಳಿಯಿತೇ ಎಂದರೆ, ಇಲ್ಲ. ಅಷ್ಟು ವರ್ಷದ್ದು ಒಂದು ಮಾತಿಗೆ ಇಳಿಯುವುದಾದರೆ ಅದು ಸಿಟ್ಟೇ ಅಲ್ಲ. ಆದರೆ ಕೇಳಿದ ಮಾತು ಸಿಕ್ಕಿತ್ತು, ನಾನೂ ಕೊಟ್ಟ ಮಾತು ನಡೆಸಬೇಕಿತ್ತು. ಮರುದಿನ ಬೆಳಿಗ್ಗೆ ಜಮಖಂಡಿಯ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ, ಬನಹಟ್ಟಿಯ ಗಂಟಲಿನಲ್ಲಿ ಕೇಳಿದೆ: "ಹಾಲ ಬಂತೇನ್ರಿ?"

ಪಕ್ಕದ ಮನೆಯ ಕಿಟಕಿ ತಟ್ಟನೆ ತೆರೆಯಿತು.

"ಬಂತು," ಎಂದರು ಅವರು, ಪಡಸಾಲೆಯಿಂದಲೇ.